ಕಲಬುರಗಿ ಬೇಸಿಗೆಯಲ್ಲಿ 1 ಲೀಟರ್ ಕಾರು: ಎಸಿ ಹಾಕಿದರೆ ಪಿಕಪ್ ಏನಾಗುತ್ತದೆ?

ಮೂರು ಸಿಲಿಂಡರಿನ 1 ಲೀಟರ್ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್, ಮ್ಯಾನುಯಲ್ ಎಸಿ. ಐದಾರು ಬೇಸಿಗೆ ಇದರಲ್ಲೇ ಕಳೆದಿದ್ದೇನೆ. ಓಡಾಟ ಜಾಸ್ತಿ ಕಲಬುರಗಿ ಊರೊಳಗೆ, ನಡುನಡುವೆ ಬೀದರ್‌ಗೆ, ಆಗೀಗ ಯಾದಗಿರಿಗೆ. ಸೀಟು, ಡಿಕ್ಕಿ, ಸರ್ವಿಸ್ ಖರ್ಚಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಕಡೆ ಸಣ್ಣ ಕಾರು ತಗೊಳ್ಳುವವರು ನನ್ನನ್ನು ಕೇಳುವುದು ಒಂದೇ: ಎಸಿ ಹಾಕಿದ್ರೆ ಗಾಡಿ ಎಳೆಯುತ್ತಾ?

ಎಳೆಯುತ್ತದೆ. ಆದರೆ ಎರಡು ಕಡೆ ಏದುಸಿರು ಬಿಡುತ್ತದೆ. ನಿಂತಲ್ಲಿಂದ ಹೊರಡುವಾಗ ಒಂದು, ತುಂಬಿದ ಗಾಡಿಯಲ್ಲಿ ಏರು ಹತ್ತುವಾಗ ಇನ್ನೊಂದು. ಸಮತಟ್ಟಾದ ರಸ್ತೆಯಲ್ಲಿ 70–80ರಲ್ಲಿ ಹೋಗುತ್ತಿದ್ದರೆ ಎಸಿ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಕಾರಣ ಸರಳ. ಎಸಿಯ ಗ್ಯಾಸನ್ನು ಒತ್ತುವ ಕಂಪ್ರೆಸರ್ ತಿರುಗುವುದು ಇಂಜಿನ್ನಿನ ಬೆಲ್ಟಿನಿಂದ. ಸಣ್ಣ ಕಾರಿನಲ್ಲಿ ಅದು ಹೆಚ್ಚುಕಡಿಮೆ 3ರಿಂದ 5 ಎಚ್‌ಪಿ ಶಕ್ತಿ ತಿನ್ನುತ್ತದೆ. ಬ್ರೋಷರಿನಲ್ಲಿ 67 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿಯಷ್ಟೇ) ಅಂತ ಇರುವಾಗ ಇದೇನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ ಆ 67 ಸಿಗುವುದು ಇಂಜಿನ್ ನಿಮಿಷಕ್ಕೆ 5500 ಸುತ್ತು ತಿರುಗುವಾಗ, ಅಂದರೆ 5500 ಆರ್‌ಪಿಎಮ್‌ನಲ್ಲಿ. ಊರೊಳಗೆ ಅಷ್ಟು ಆರ್‌ಪಿಎಮ್‌ಗೆ ಯಾರು ಓಡಿಸುತ್ತಾರೆ? ಜಗತ್ ಸರ್ಕಲ್‌ನಲ್ಲಿ ಆಟೋ, ಬೈಕ್‌ಗಳ ನಡುವೆ ಕ್ಲಚ್ ಬಿಟ್ಟು ಹೊರಡುವಾಗ ಇಂಜಿನ್ 1500ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಇಂಥ ಇಂಜಿನ್ ಕೊಡುವುದೇ 15–16 ಎಚ್‌ಪಿ. ಅದರಲ್ಲಿ 3 ಕಂಪ್ರೆಸರಿಗೆ ಹೋದರೆ ಐದರಲ್ಲಿ ಒಂದು ಪಾಲು ಹೋದಂತೆ. ಕಾಲಿಗೆ ಗೊತ್ತಾಗುವುದು ಅದೇ. ಸಿಗ್ನಲ್‌ನಲ್ಲಿ ನಿಂತಾಗ ಗಮನಿಸಿ ನೋಡಿ: ಬಾನೆಟ್ ಕೆಳಗೆ ‘ಟಕ್’ ಅನ್ನುತ್ತದೆ, ಆರ್‌ಪಿಎಮ್ ಮುಳ್ಳು ಒಂದು ಕ್ಷಣ ಇಳಿದು, ಮೊದಲಿಗಿಂತ ತುಸು ಮೇಲೆ ಹೋಗಿ ನಿಲ್ಲುತ್ತದೆ. ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸುವ ಕ್ಲಚ್ ಹಿಡಿದುಕೊಂಡ ಸದ್ದು ಅದು. ಇಂಜಿನ್ ಬಂದ್ ಆಗದಿರಲಿ ಅಂತ ಕಂಪ್ಯೂಟರ್ ತಾನೇ ಐಡ್ಲಿಂಗ್ ಏರಿಸುತ್ತದೆ. ಕೆಟ್ಟಿದೆ ಅಂತ ಗಾಬರಿ ಬೇಡ.

ಬೆಂಗಳೂರಿನವರ ವಿಮರ್ಶೆ ಓದಿ ಇಲ್ಲಿ ಕಾರು ಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ. ಏಪ್ರಿಲ್–ಮೇನಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲಿಂದ ಉಳಿಯಲಿ ಅಂತ ಮಾಡಿದ ವೇಳೆ, ಸರಿ. ಆದರೆ ಕಾರು ಹೊರಗೆ ತೆಗೆಯುವುದು ಮಾತ್ರ ಬಿಸಿಲು ನೆತ್ತಿ ಸುಡುವ ಹೊತ್ತಿಗೇ. ಹೊರಗೆ 42–43 ಡಿಗ್ರಿ, ಒಳಗೆ ಅದಕ್ಕಿಂತ ಜಾಸ್ತಿ. ಸ್ಟೇರಿಂಗ್ ಮೇಲೆ ಒದ್ದೆ ಟವೆಲ್ ಹಾಕದೆ ಹಿಡಿಯಲಾಗದು, ಸೀಟ್ ಬೆಲ್ಟಿನ ಕಬ್ಬಿಣದ ನಾಲಿಗೆ ಮುಟ್ಟಿದರೆ ಚುರ್ ಅನ್ನುತ್ತದೆ. ಹೊರಗಿನ ಗಾಳಿ ಕಾದಷ್ಟೂ ಕಂಡೆನ್ಸರ್ (ಗ್ರಿಲ್ ಹಿಂದೆ ಇರುವ, ಎಸಿ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಬಿಸಿ ಬಿಡಲು ಒದ್ದಾಡುತ್ತದೆ, ಗ್ಯಾಸಿನ ಒತ್ತಡ ಏರುತ್ತದೆ, ಕಂಪ್ರೆಸರ್ ತಿರುಗಿಸಲು ಇಂಜಿನ್ ಇನ್ನೂ ಜಾಸ್ತಿ ದುಡಿಯಬೇಕು. ಅದೇ ಹೊತ್ತಿಗೆ ಇಂಜಿನ್ನಿನ ಶಕ್ತಿಯೂ ಇಳಿದಿರುತ್ತದೆ. 45 ಡಿಗ್ರಿಯ ಗಾಳಿ 25 ಡಿಗ್ರಿಯ ಗಾಳಿಗಿಂತ ಸುಮಾರು 6 ಪರ್ಸೆಂಟ್ ತೆಳು. ಬೇಡಿಕೆ ಏರುವ ಹೊತ್ತಿಗೇ ಸಂಪಾದನೆ ಕಡಿಮೆ. ಡಿಸೆಂಬರಿನಲ್ಲಿ ಇದೇ ಕಾರು, ಇದೇ ಎಸಿ ಹಾಕಿ ಓಡಿಸಿದರೆ ಬೇರೆ ಗಾಡಿಯೇ ಅನ್ನಿಸುತ್ತದೆ.

ಹೊರಟ ಕೂಡಲೇ ಎಸಿ ಹಾಕುವುದಿಲ್ಲ. ನಾಲ್ಕೂ ಗ್ಲಾಸ್ ಇಳಿಸಿ ಒಂದೆರಡು ನಿಮಿಷ ಓಡಿಸಿದರೆ ಒಳಗಿನ ಕಾದ ಗಾಳಿ ಹೊರಗೆ ಹೋಗುತ್ತದೆ. ಆಮೇಲೆ ಗ್ಲಾಸ್ ಏರಿಸಿ, ಎಸಿ ಹಾಕಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತುತ್ತೇನೆ. ಈ ಬಟನ್ ಒತ್ತದೆ ‘ನನ್ನ ಎಸಿ ತಂಪೇ ಆಗಲ್ಲ’ ಅನ್ನುವವರು ಎಷ್ಟೋ ಜನ. ಹೊರಗಿನ 43 ಡಿಗ್ರಿ ಗಾಳಿಯನ್ನು ಮತ್ತೆ ಮತ್ತೆ ತಂಪು ಮಾಡುತ್ತಾ ಕೂತರೆ ಕಂಪ್ರೆಸರಿಗೆ ಬಿಡುವು ಎಲ್ಲಿ? ಇನ್ನೊಂದು ತಪ್ಪು ನಂಬಿಕೆ, ತಂಪಿನ ನಾಬ್ ಅರ್ಧಕ್ಕೆ ತಿರುಗಿಸಿದರೆ ಇಂಜಿನ್ನಿಗೆ ಹಗುರ ಅಂತ. ಹೆಚ್ಚಿನ ಮ್ಯಾನುಯಲ್ ಎಸಿಗಳಲ್ಲಿ ಆ ನಾಬ್ ತಂಪು ಗಾಳಿಗೆ ಹೀಟರಿನ ಬಿಸಿ ಗಾಳಿ ಬೆರೆಸುತ್ತದೆ ಅಷ್ಟೇ. ಕಂಪ್ರೆಸರ್ ದುಡಿಯುತ್ತಲೇ ಇರುತ್ತದೆ. ಕಾರು ಒಮ್ಮೆ ತಣ್ಣಗಾದ ಮೇಲೆ ಫ್ಯಾನ್ ಕಡಿಮೆ ಮಾಡಿ. ಆಗ ಕಂಪ್ರೆಸರ್ ಬೇಗ ಕಟ್ ಆಗುತ್ತದೆ.

ಬೀದರ್ ದಾರಿ ಈ ಕಾರಿಗೆ ನಿಜವಾದ ಪರೀಕ್ಷೆ. ಮಹಾಗಾಂವ್ ಕ್ರಾಸ್ ತನಕ ಏನೂ ತೊಂದರೆ ಇಲ್ಲ. ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಶುರುವಾದಾಗ, ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಸಾಮಾನೂ ಇದ್ದರೆ, ನಾಲ್ಕನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿದರೂ ಸ್ಪೀಡ್ ಇಳಿಯುತ್ತಾ ಬರುತ್ತದೆ. ಮುಂದೆ ಲಾರಿ ಇದ್ದರೆ ಸಿಟ್ಟೇ ಬರುತ್ತದೆ. ಇಲ್ಲಿ ಎಸಿ ಬಂದ್ ಮಾಡುವವರಿದ್ದಾರೆ. ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ, ಸಣ್ಣ ಮಕ್ಕಳು ಇರುವಾಗ ಅದು ಬೇಡ. ಮೂರನೇ ಗೇರಿಗೆ ಬನ್ನಿ, ಮುಳ್ಳು 3000 ದಾಟಲಿ, ಗಾಡಿ ತಾನೇ ಎಳೆಯುತ್ತದೆ. ಇಂಜಿನ್ ಕಿರುಚಿದರೆ ಹಾಳಾಗುತ್ತದೆ ಅನ್ನುವ ಭಯ ಸುಮ್ನೆ. ಹೈ ಗೇರಿನಲ್ಲಿ ಗುದ್ದಾಡಿಸುವುದೇ ಅದಕ್ಕೆ ಹೆಚ್ಚು ಕಷ್ಟ. ಕಾಲು ಪೂರ್ತಿ ಒತ್ತಿದಾಗ ನನ್ನ ಕಾರಿನಲ್ಲಿ ಕಂಪ್ರೆಸರ್ ತಾನೇ ಕೆಲವು ಸೆಕೆಂಡ್ ಕಟ್ ಆಗುತ್ತದೆ, ಗಾಳಿಯ ತಂಪು ಸ್ವಲ್ಪ ಇಳಿಯುವುದು ಮುಖಕ್ಕೆ ತಿಳಿಯುತ್ತದೆ. ಓವರ್‌ಟೇಕ್‌ಗೆ ಅದು ದೊಡ್ಡ ಉಪಕಾರ.

ಕಾರು ಹಳೆಯದಾದಂತೆ ಪಿಕಪ್ ಇನ್ನೂ ಬಿತ್ತು. ಇಂಜಿನ್ ಸವೆದಿದೆ ಅಂತ ಕೆಲವರು ಹೇಳಿದರು. ಗ್ರಿಲ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಕಂಡೆನ್ಸರಿನ ಸಣ್ಣ ಸಣ್ಣ ರೆಕ್ಕೆಗಳ ನಡುವೆ ತೊಗರಿ ಹೊಟ್ಟು, ಎರೆ ಮಣ್ಣಿನ ಧೂಳು, ಸತ್ತ ಹುಳ ಎಲ್ಲ ಸೇರಿ ಕಂಬಳಿ ಹೊದಿಸಿದಂತೆ ಕೂತಿತ್ತು. ರಾಶಿ ಮಾಡುವ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲಿ ಓಡಾಡುವ ಎಲ್ಲ ಗಾಡಿಗೂ ಇದೇ ಗತಿ. ಪೈಪಿನ ನೀರು ಮೆಲ್ಲಗೆ ಬಿಟ್ಟು ತೊಳೆದ ಮೇಲೆ ತಂಪೂ ಬಂತು, ಪಿಕಪ್ಪೂ ಸುಧಾರಿಸಿತು. ವಾಷಿಂಗ್ ಸೆಂಟರಿನ ಪ್ರೆಷರ್ ನೀರು ಮಾತ್ರ ಹತ್ತಿರದಿಂದ ಹೊಡೆಸಬೇಡಿ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ಈಗ ಪ್ರತಿ ವರ್ಷ ತೊಗರಿ ರಾಶಿ ಮುಗಿದ ಮೇಲೆ, ಬಿಸಿಲು ಏರುವ ಮುಂಚೆ ಇದೊಂದು ಕೆಲಸ ತಪ್ಪಿಸುವುದಿಲ್ಲ.

ಗ್ಯಾಸ್ ವಿಷಯದಲ್ಲಿ ನನಗೆ ನಿಜಕ್ಕೂ ಬೇಜಾರಿದೆ. ಒಂದು ಅಂಗಡಿಯಲ್ಲಿ ತೂಕ ಮಾಡದೆ, ಅಂದಾಜಿನ ಮೇಲೆ ತುಂಬಿ ಕಳಿಸಿದರು. ಗ್ಯಾಸ್ ಜಾಸ್ತಿಯಾದರೆ ತಂಪು ಜಾಸ್ತಿಯಾಗುವುದಿಲ್ಲ, ಒತ್ತಡ ಏರಿ ಇಂಜಿನ್ ಮೇಲೆ ಭಾರ ಬೀಳುತ್ತದೆ. ಎಷ್ಟು ಗ್ರಾಂ ಹಾಕಬೇಕು ಅಂತ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ಅದನ್ನು ತೋರಿಸಿ, ತೂಕ ಹಾಕಿ ತುಂಬುವವರ ಹತ್ತಿರವೇ ಹೋಗಿ.

ಮೈಲೇಜ್: ಚಳಿಗಾಲದಲ್ಲಿ ಹೈವೇ ಮೇಲೆ 20ರ ಹತ್ತಿರ, ಮೇ ತಿಂಗಳ ಊರ ಓಡಾಟದಲ್ಲಿ 14–15.

ಒಬ್ಬರು–ಇಬ್ಬರು ಊರೊಳಗೆ ಓಡಾಡುವುದಾದರೆ ಈ ಕಾರು ಧಾರಾಳ ಸಾಕು, ಧೈರ್ಯವಾಗಿ ತಗೊಳ್ಳಿ. ವಾರವಾರ ತುಂಬಿದ ಗಾಡಿಯಲ್ಲಿ ಬೀದರ್, ಹೈದರಾಬಾದ್ ಅಂತ ಹೋಗುವವರು 1.2 ಲೀಟರ್ ಅಥವಾ ಟರ್ಬೊ ನೋಡಿ. ನಮ್ಮ ಭಾವನ ಡೀಸೆಲ್ ಕಾರಿನಲ್ಲಿ ಎಸಿಯ ಭಾರ ಗೊತ್ತೇ ಆಗುವುದಿಲ್ಲ, ಕಡಿಮೆ ಆರ್‌ಪಿಎಮ್‌ನಲ್ಲೇ ಅದಕ್ಕೆ ಟಾರ್ಕ್, ಅಂದರೆ ಎಳೆಯುವ ಬಲ, ಇದೆ. ಯಾವುದೇ ಇರಲಿ, ಟೆಸ್ಟ್ ಡ್ರೈವ್ ಬೆಳಿಗ್ಗೆ ತಂಪು ಹೊತ್ತಲ್ಲಿ ಬೇಡ. ಮಧ್ಯಾಹ್ನ 2ಕ್ಕೆ ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಫುಲ್ ಇಟ್ಟು, ರಿಂಗ್ ರೋಡಿನಲ್ಲಿ ನಿಂತಲ್ಲಿಂದ ಎಳೆದು ನೋಡಿ. ಸೇಲ್ಸ್‌ನವರು ಬೇಡ ಅಂದರೆ ಇನ್ನೊಂದು ಶೋರೂಮಿಗೆ ಹೋಗಿ.