ಸ್ಲೈಡ್ ಎಳೆಯಲು ಹಗುರವಾಗಿದೆ ಎಂದು ಬಳಸಿದ ಪಿಸ್ತೂಲು ಕೊಳ್ಳಬೇಡಿ

ಟೆಕ್ಸಾಸ್‌ನಲ್ಲಿರುವ ಕನ್ನಡಿಗರೇ, ಅದರಲ್ಲೂ ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಮರಳುವ ಹೆಣ್ಣುಮಕ್ಕಳೇ, ಅಂಗಡಿಯವನ ಮಾತು ನಂಬಿ ಬಳಸಿದ ಪಿಸ್ತೂಲು ಕೊಳ್ಳಬೇಡಿ. ನನಗೆ ಮೋಸವಾಗಿದೆ. ಹೇಳಿಕೊಳ್ಳಲು ಅವಮಾನವಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

2021ರ ಸೆಪ್ಟೆಂಬರ್‌ನಿಂದ ಇಲ್ಲಿ ಅರ್ಹರು ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ನಾನು ತರಬೇತಿ ಮುಗಿಸಿ, ಪರವಾನಗಿ ಪಡೆದೇ ಅಂಗಡಿಗೆ ಹೋದವಳು. ಗ್ಲಾಕ್ 19, ಸಿಗ್ ಪಿ365 ಎರಡನ್ನೂ ನೋಡಿದೆ. ಎರಡರ ಸ್ಲೈಡೂ, ಅಂದರೆ ಗುಂಡು ತುಂಬಲು ಹಿಂದಕ್ಕೆಳೆಯುವ ಮೇಲ್ಭಾಗವೂ, ನನ್ನ ಕೈಗೆ ಬಿಗಿಯೆನಿಸಿತು. ಅದು ಸಹಜವೇ. ಪಿಸ್ತೂಲು ಚಿಕ್ಕದಾದಂತೆ ಸ್ಲೈಡಿನ ತೂಕ ಕಡಿಮೆಯಾಗುತ್ತದೆ, ಅದನ್ನು ತಡೆದು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಗಡುಸಾಗಿರಲೇಬೇಕು. ಆಗ ಅಂಗಡಿಯವನು ಗಾಜಿನ ಕಪಾಟಿನಿಂದ ಇನ್ನೊಂದು ಕಂಪನಿಯ ಪಿಸ್ತೂಲು ತೆಗೆದುಕೊಟ್ಟ. ಎರಡು ಬೆರಳಲ್ಲಿ ಹಿಡಿದೆಳೆದರೂ ಬಂತು. "ಹೆಂಗಸರ ಕೈಗೆ ಹೇಳಿ ಮಾಡಿಸಿದ್ದು. ಗ್ಲಾಕ್‌ನಷ್ಟೇ ನಂಬಬಹುದು. ಒಂದು ಭಾಗವನ್ನೂ ಬದಲಾಯಿಸಿಲ್ಲ" ಎಂದ. ಒಂದು ಭಾಗವನ್ನೂ ಬದಲಾಯಿಸಿಲ್ಲ ಎಂದ!

ಶೂಟಿಂಗ್ ರೇಂಜಿನಲ್ಲಿ ನೋಡಿದರೆ ತೋಟೆ ಪೂರ್ತಿ ಒಳಗೆ ಕೂರುವುದೇ ಇಲ್ಲ, ಸ್ಲೈಡ್ ಮುಚ್ಚದೆ ಹಿಂದೆಯೇ ನಿಂತುಬಿಡುತ್ತದೆ. ಅಭ್ಯಾಸಕ್ಕೆ ಬಳಸುವ ಉರುಟು ಮೂತಿಯ ಗುಂಡುಗಳಾದರೂ ಹೇಗೋ ಹೋದವು. ಆತ್ಮರಕ್ಷಣೆಗೆ ಇಟ್ಟುಕೊಳ್ಳುವ, ಮೂತಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡುಗಳು ಮತ್ತೆ ಮತ್ತೆ ಸಿಕ್ಕಿಕೊಂಡವು. ಫೋನ್ ಮಾಡಿದರೆ, "ಹೊಸ ಕೈಯಲ್ಲವೇ, ಮಣಿಕಟ್ಟು ಸಡಿಲ ಬಿಟ್ಟಿರುತ್ತೀರಿ" ಎಂಬ ಉತ್ತರ. ತರಬೇತುದಾರರು ಹಾರಿಸಿದಾಗಲೂ ಅದೇ ಗತಿ. ಅವರ ಮಣಿಕಟ್ಟೂ ಸಡಿಲವೇ?

ಅವರು ಪಿಸ್ತೂಲು ಬಿಚ್ಚಿ ಸ್ಪ್ರಿಂಗನ್ನು ಮೇಜಿನ ಮೇಲಿಟ್ಟರು. ಒಂದು ತುದಿ ಕಾರ್ಖಾನೆಯಲ್ಲಿ ಉಜ್ಜಿ ಚಪ್ಪಟೆ ಮಾಡಿದ್ದು. ಇನ್ನೊಂದು ತುದಿ ಇಕ್ಕಳದಿಂದ ತುಂಡರಿಸಿದಂತೆ ಮೊನಚು, ಮುಟ್ಟಿದರೆ ಚುಚ್ಚುತ್ತದೆ. ಸ್ಲೈಡ್ ಎಳೆಯಲು ಹಗುರವಾಗಲೆಂದು ಯಾರೋ ಸ್ಪ್ರಿಂಗಿನ ಸುತ್ತುಗಳನ್ನೇ ಕತ್ತರಿಸಿದ್ದಾರೆ. ಹಾಗಾಗಿ ಸ್ಲೈಡನ್ನು ಪೂರ್ತಿ ಮುಂದಕ್ಕೆ ತಳ್ಳುವ ಬಲ ಅದಕ್ಕಿಲ್ಲ. ಅವನು ಯಾವುದನ್ನು ಹೊಗಳಿ ಮಾರಿದನೋ ಅದೇ ಅದರ ರೋಗ! "ಎಳೆದು ನೋಡಿ, ಎಷ್ಟು ಸಲೀಸು" ಎಂದು ನಗುತ್ತಾ ನನ್ನ ಕೈಗಿಟ್ಟನಲ್ಲ, ನೆನೆದರೆ ಈಗಲೂ ಮೈ ಉರಿಯುತ್ತದೆ. ಆಪತ್ತಿನಲ್ಲಿ ಇದನ್ನೇ ನಂಬಿ ನಿಂತಿದ್ದರೆ?

ಸ್ಪ್ರಿಂಗ್ ಹಿಡಿದುಕೊಂಡು ಅಂಗಡಿಗೆ ಹೋದೆ. "ಹಿಂದಿನ ಮಾಲೀಕರು ಮಾಡಿರಬೇಕು, ನಮಗೇನು ಗೊತ್ತು" ಎಂದ. ಹಾಗಾದರೆ ಏನನ್ನೂ ಬದಲಾಯಿಸಿಲ್ಲ ಎಂದು ಯಾವ ಆಧಾರದ ಮೇಲೆ ಹೇಳಿದ? ಅದಕ್ಕೆ ಉತ್ತರವಿಲ್ಲ. "4473 ಫಾರಂಗೆ ಸಹಿ ಹಾಕಿದ್ದೀರಿ, ವಾಪಸ್ ಇಲ್ಲ" ಎಂದ. ಆ ಫಾರಂ ಇರುವುದು ಕೊಳ್ಳುವವರು ಅರ್ಹರೋ ಅಲ್ಲವೋ ಎಂದು ತಿಳಿಯಲು. ಕೆಟ್ಟ ಮಾಲು ಮಾರಿದವನನ್ನು ಕಾಪಾಡಲು ಅಲ್ಲ. ಕೊನೆಗೆ, ಹೊಸ ಸ್ಪ್ರಿಂಗ್ ಬೇಕಿದ್ದರೆ ದುಡ್ಡು ಕೊಡಿ ಎಂದ. ನನ್ನನ್ನೇ ಕೇಳಿದ!

ಸ್ಲೈಡ್ ಎಳೆಯಲು ಕಷ್ಟವಾಗುವವರಿಗೆಂದೇ ತಯಾರಾದ ಪಿಸ್ತೂಲುಗಳಿವೆ. ಸ್ಮಿತ್ ಆ್ಯಂಡ್ ವೆಸನ್ 2018ರಲ್ಲಿ .380 ಶೀಲ್ಡ್ ಈಝಿ ತಂದಿತು, ಅಂಥದ್ದನ್ನು ಹೊಸದಾಗಿಯೇ ಕೊಳ್ಳಿ. ಹಳೆಯದೇ ಬೇಕೆಂದರೆ, ಹಣ ಕೊಡುವ ಮೊದಲು ಅಲ್ಲೇ ಬಿಚ್ಚಿಸಿ ಸ್ಪ್ರಿಂಗಿನ ಎರಡೂ ತುದಿ ನೋಡಿ. "ಏನನ್ನೂ ಬದಲಾಯಿಸಿಲ್ಲ" ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.