ಮರ ಅಳೆಯುವ ಟೇಪು: 280 ರೂಪಾಯಿಯದ್ದು, 4,600 ರೂಪಾಯಿಯದ್ದು

ಮೊದಲೇ ಹೇಳಿಬಿಡುತ್ತೇನೆ. ಒಂದೇ ಮರವನ್ನು ವರ್ಷ ವರ್ಷ ಅಳೆಯುವ ಕೆಲಸ ನಿಮ್ಮದಾಗಿದ್ದರೆ ಸ್ಟೀಲಿನ ವ್ಯಾಸದ ಟೇಪನ್ನೇ (ಮರಕ್ಕೆ ಸುತ್ತಿದರೆ ನೇರ ವ್ಯಾಸವನ್ನೇ ತೋರಿಸುವ ಟೇಪು) ತಗೊಳ್ಳಿ. ದುಬಾರಿ ಹೌದು. ಕೊರಿಯರ್ ಸೇರಿ ನನಗೆ 4,600 ರೂಪಾಯಿ ಬಿತ್ತು. ಅದಕ್ಕೂ ಮೊದಲು ಎಸ್‌ಪಿ ರೋಡಿನಲ್ಲಿ ತಂದಿದ್ದ ಫೈಬರ್ ಟೇಪಿಗೆ ಕೊಟ್ಟಿದ್ದು ಬರೀ 280. ಈ ವ್ಯತ್ಯಾಸ ನೋಡಿಯೇ ಒಂದೂಕಾಲು ವರ್ಷ ತಳ್ಳಿದೆ. ಆಮೇಲೆ ಒಂದಿಡೀ ಬೇಸಿಗೆಯ ಅಳತೆ ಬಿಟ್ಟುಬಿಡಬೇಕಾಯಿತು.

ನಾನು ಹೆಬ್ಬಾಳದ ಹತ್ತಿರ ರೂಮು ಮಾಡಿಕೊಂಡು ಪಿಎಚ್‌ಡಿ ಮಾಡುತ್ತಿದ್ದೇನೆ. ಊರು ಶಿರಸಿ ಕಡೆ. ನನ್ನ ವಿಷಯ ಸೊಪ್ಪಿನಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು ಕಡಿಯಲಿಕ್ಕೆ ಅಂತ ಬ್ರಿಟಿಷರ ಕಾಲದಿಂದ ರೈತರಿಗೆ ಬಿಟ್ಟುಕೊಟ್ಟ ಕಾಡು ಅದು. ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ. ಸೊಪ್ಪು ಕಡಿಸಿಕೊಂಡೇ ಬದುಕುವ ಮತ್ತಿ, ಹೊನ್ನೆ, ಕಿಂದಳ, ನಂದಿ ಮರಗಳು ಎಷ್ಟು ಇಂಗಾಲ ಹಿಡಿದಿಡುತ್ತವೆ, ಪಕ್ಕದ ಅಕೇಶಿಯಾ ಪ್ಲಾಂಟೇಶನ್ ಎಷ್ಟು ಹಿಡಿದಿಡುತ್ತದೆ, ಎರಡರ ಕೆಳಗೆ ಏನೇನು ಬೆಳೆಯುತ್ತದೆ ಅನ್ನುವುದು ನನ್ನ ಪ್ರಶ್ನೆ. ಓದು, ಲೆಕ್ಕ, ಬರವಣಿಗೆ ಎಲ್ಲ ಬೆಂಗಳೂರಿನಲ್ಲಿ. ಅಳತೆಗೆ ಮಾತ್ರ ರಾತ್ರಿ ಬಸ್ಸು.

ಫೈಬರ್ ಟೇಪು ತಂದ ದಿನ ಚೆನ್ನಾಗಿ ನೆನಪಿದೆ. ಅಂಗಡಿಯವರು, "ಸೈಟ್ ಅಳೆಯೋಕಾ ಮೇಡಂ?" ಅಂದರು. ಮರ ಅಳೆಯೋಕೆ ಅಂದೆ. "ಏನು ಅಳೆದ್ರೂ ಇದೇ, ಹತ್ತು ವರ್ಷ ಏನೂ ಆಗಲ್ಲ" ಅಂತ 30 ಮೀಟರಿನ ಹಳದಿ ಟೇಪನ್ನು ಮೇಜಿನ ಮೇಲಿಟ್ಟರು. ಪೊಟ್ಟಣದ ಮೇಲೂ ಹಿಗ್ಗುವುದಿಲ್ಲ ಅಂತ ಅಚ್ಚಾಗಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಇಂಥ ಟೇಪುಗಳನ್ನು ಬಹಳ ಕಂಪನಿಗಳು ಮಾಡುತ್ತವೆ.

ಮೊದಲ ಡಿಸೆಂಬರಿನಲ್ಲಿ ಟೇಪು ಹೊಸದು, ಎಲ್ಲ ಸಲೀಸು. ನೆಲದಿಂದ 1.3 ಮೀಟರ್ ಎತ್ತರಕ್ಕೆ ಬಿದಿರಿನ ಕೋಲು ನಿಲ್ಲಿಸಿ, ಅಲ್ಲಿ ಸುತ್ತಳತೆ ತೆಗೆದು, ಅದೇ ಜಾಗಕ್ಕೆ ಬಿಳಿ ಬಣ್ಣದ ಗೆರೆ ಎಳೆದೆವು. (ನಮ್ಮ ಅರಣ್ಯ ಇಲಾಖೆಯ ಹಳೆಯ ಅಳತೆಗಳೆಲ್ಲ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್ ಎತ್ತರದಲ್ಲಿ ತೆಗೆದವು. ಹಳೆಯ ಪಟ್ಟಿಯ ಜೊತೆ ಹೋಲಿಸುವವರು ಇದನ್ನು ಮರೆಯಬೇಡಿ.) ಮರುವರ್ಷ ದಾಟಿ ಮಾರ್ಚಿನಲ್ಲಿ ಅವೇ ಮರಗಳನ್ನು ಅದೇ ಬಿಳಿ ಗೆರೆಯ ಮೇಲೆ, ಅದೇ ಟೇಪಿನಿಂದ ಅಳೆದೆ. ಒಂದು ಮತ್ತಿ ಮರ ಮೊದಲು 120.0 ಸೆಂಟಿಮೀಟರ್ ಇತ್ತು. ಈಗ 119.4. ಇನ್ನೊಂದು ಮತ್ತಿ, ಎರಡು ಕಿಂದಳ, ಎಲ್ಲವೂ ಸ್ವಲ್ಪ ಸ್ವಲ್ಪ ಸಣ್ಣ.

ಬೇಸಿಗೆ ಅಲ್ವಾ ಅಂದುಕೊಂಡೆ. ನೀರು ಕಡಿಮೆಯಾದಾಗ ಮರದ ಕಾಂಡ ತುಸು ಕುಗ್ಗುವುದು ನಿಜ. ಬೆಟ್ಟಕ್ಕೆ ನನ್ನ ಜೊತೆ ಬರುವ ಮಾವನಿಗೆ ಅದನ್ನೇ ಹೇಳಿದೆ. ಅವರು ಒಪ್ಪಲಿಲ್ಲ. "ನಾಲ್ಕು ಮರ ಒಟ್ಟಿಗೇ ಇಷ್ಟು ಸಣ್ಣ ಆಗೂದು ನಾ ಕಂಡದ್ದಿಲ್ಲ ತಂಗಿ. ನಿನ್ನ ಟೇಪ್ ಒಂದ್ಸಲ ನೋಡು" ಅಂದರು.

ಬೆಂಗಳೂರಿಗೆ ಬಂದ ಮೇಲೆ ಟೇಪನ್ನು ಬೆಳಕಿಗೆ ಹಿಡಿದು ನೋಡಿದೆ. ಮೊದಲ ಒಂದೂವರೆ ಮೀಟರಿನಲ್ಲಿ ಹಳದಿ ಮಾಸಿ ಬಿಳಿಚಿಕೊಂಡಿತ್ತು. ಅಂಚಿನಲ್ಲಿ ಎಳೆಗಳು ಎದ್ದಿದ್ದವು. ತುದಿಯ ಉಂಗುರದ ಹತ್ತಿರ ಪ್ಲಾಸ್ಟಿಕ್ ಬಿರುಕು ಬಿಟ್ಟು ಒಳಗಿನ ದಾರ ಕಾಣುತ್ತಿತ್ತು. ನಾವು ಮರಕ್ಕೆ ಸುತ್ತುವುದು ಯಾವಾಗಲೂ ಆ ಮೊದಲ ಎರಡು ಮೀಟರನ್ನೇ. ಎಳೆಯುವುದೂ ಅಲ್ಲೇ. ಉಳಿದ 28 ಮೀಟರು ಹೊಸದರ ಹಾಗೇ ಇತ್ತು.

ನಮ್ಮ ಓನರ್ ಆಂಟಿಯ ತಾರಸಿ ಮೇಲೆ ನೀರು ತುಂಬಿಡುವ ಒಂದು ಕಬ್ಬಿಣದ ಡ್ರಮ್ಮಿದೆ. ಗೆಳತಿಯ ಲ್ಯಾಬಿನಿಂದ ಸ್ಟೀಲ್ ಟೇಪು ಎರವಲು ತಂದು ಡ್ರಮ್ಮಿಗೆ ಸುತ್ತಿದೆ. 181.0 ಬಂತು. ನನ್ನ ಫೈಬರ್ ಟೇಪು ತೋರಿಸಿದ್ದು 179.6. ಐದು ಸಲ ಸುತ್ತಿದೆ, ಐದು ಸಲವೂ ಹೆಚ್ಚುಕಡಿಮೆ ಅಷ್ಟೇ. ಟೇಪು ಹಿಗ್ಗಿದರೆ ಗೆರೆಗಳು ದೂರ ಸರಿಯುತ್ತವೆ. ಆಗ ಅಳತೆ ಕಡಿಮೆ ಬರುತ್ತದೆ. ನೂರಕ್ಕೆ ಮುಕ್ಕಾಲಿಗಿಂತ ಚೂರು ಜಾಸ್ತಿ ಹಿಗ್ಗಿತ್ತು. ಆಂಟಿ ಬಟ್ಟೆ ಒಣಗಿಸುತ್ತಾ, "ಅಷ್ಟೇನಾ? ಬಿಡಮ್ಮ" ಅಂದರು.

ಬಿಡುವ ಹಾಗಿರಲಿಲ್ಲ. ಯಾಕೆ ಅಂತ ಲೆಕ್ಕದಲ್ಲೇ ನೋಡಿ. ಮರ ಕಡಿಯದೆ ಅದರ ತೂಕ ತಿಳಿಯಲು ನಾವು ಬಹಳಷ್ಟು ಜನ ಬಳಸುವುದು ಜೆರೋಮ್ ಶಾವ್ ಮತ್ತು ಜೊತೆಗಾರರು 2014ರಲ್ಲಿ ಕೊಟ್ಟ ಸೂತ್ರ. ಉಷ್ಣವಲಯದ 4,004 ಮರಗಳನ್ನು ಕಡಿದು ತೂಗಿದ ಲೆಕ್ಕದಿಂದ ಬಂದದ್ದು ಅದು. ಅದರಲ್ಲಿ ಎತ್ತರ ಒಂದು ಸಲ ಬರುತ್ತದೆ, ಕಟ್ಟಿಗೆಯ ಸಾಂದ್ರತೆ ಒಂದು ಸಲ ಬರುತ್ತದೆ, ವ್ಯಾಸ ಮಾತ್ರ ವರ್ಗವಾಗಿ ಬರುತ್ತದೆ. ಹಾಗಾಗಿ ಟೇಪಿನ ತಪ್ಪು ತೂಕಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 40 ಸೆಂಟಿಮೀಟರ್ ವ್ಯಾಸ, 20 ಮೀಟರ್ ಎತ್ತರ, 0.7 ಸಾಂದ್ರತೆಯ ಒಂದು ಮರ ತಗೊಳ್ಳಿ. ಒಣ ತೂಕ ಸುಮಾರು 1,185 ಕಿಲೋ. ಅದರಲ್ಲಿ ನೂರಕ್ಕೆ 47ರಂತೆ ಇಂಗಾಲ ಸುಮಾರು 557 ಕಿಲೋ. ನನ್ನ ಹಳದಿ ಟೇಪಿನಿಂದ ಅಳೆದರೆ ಇದರಲ್ಲಿ 8 ಕಿಲೋ ಇಂಗಾಲ ಸುಮ್ನೆ ಮಾಯ. ವ್ಯಾಸದಲ್ಲಿ ಹೇಳುವುದಾದರೆ ತಪ್ಪು 3 ಮಿಲಿಮೀಟರ್. ಸೊಪ್ಪು ಕಡಿಸಿಕೊಳ್ಳುವ ಮತ್ತಿ ಮರ ಒಂದು ವರ್ಷದಲ್ಲಿ ಅಷ್ಟು ಬೆಳೆದರೆ ಅದೇ ಹೆಚ್ಚು.

ನನಗೆ ನಿದ್ದೆ ಕೆಡಿಸಿದ್ದು ಮುಂದಿನ ಮಾತು. ಅಕೇಶಿಯಾ ಬೇಗ ಬೆಳೆಯುವ ಮರ. ಅದೇ ಅವಧಿಯಲ್ಲಿ ಪಕ್ಕದ ಪ್ಲಾಂಟೇಶನ್ನಿನ ಒಂದು ಅಕೇಶಿಯಾದ ಸುತ್ತಳತೆ 45ರಿಂದ 51 ಸೆಂಟಿಮೀಟರಿಗೆ ಹೋಗಿತ್ತು. ಅಲ್ಲಿ ಟೇಪು 4 ಮಿಲಿಮೀಟರ್ ಕದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಮತ್ತಿಯ ವಿಷಯದಲ್ಲಿ ಅದೇ ತಪ್ಪು ಬೆಳವಣಿಗೆಯನ್ನು ಪೂರ್ತಿ ನುಂಗಿ, ಮರವೇ ಕುಗ್ಗಿತು ಅನ್ನಿಸುತ್ತದೆ. ಆ ಪಟ್ಟಿಯನ್ನು ಹಾಗೇ ಕೊಟ್ಟಿದ್ದರೆ ಏನಾಗುತ್ತಿತ್ತು? ಸೊಪ್ಪಿನಬೆಟ್ಟ ಇಂಗಾಲ ಕಳೆದುಕೊಳ್ಳುತ್ತಿದೆ, ಅಕೇಶಿಯಾ ಹಾಕುವುದೇ ಲಾಭ ಅಂತ ನನ್ನ ಹೆಸರಿನಲ್ಲೇ ಬರೆದಂತಾಗುತ್ತಿತ್ತು. ಮತ್ತಿಯ ಬುಡದಲ್ಲಿ ಮುರುಗಲ ಸಸಿ ಏಳುತ್ತದೆ, ಹೊನ್ನೆಯ ಪೊಟರೆಯಲ್ಲಿ ಹಕ್ಕಿ ಗೂಡು ಮಾಡುತ್ತದೆ. ನಿಧಾನಕ್ಕೆ ಬೆಳೆಯುವ ಮರಗಳಿಗೆ ಕೆಟ್ಟ ಟೇಪು ಮಾಡುವ ಅನ್ಯಾಯ ಇದು. ಟೇಪಿನ ಬಗ್ಗೆ ಇಷ್ಟುದ್ದ ಬರೆಯಲು ಕಾರಣವೂ ಇದೇ.

ಸರಿ, ಈಗ ಸ್ಟೀಲ್ ಟೇಪಿನ ವಿಷಯ. ಇದರ ಒಂದು ಮುಖದಲ್ಲಿ ಮಾಮೂಲಿ ಸೆಂಟಿಮೀಟರು. ಇನ್ನೊಂದು ಮುಖದಲ್ಲಿ ಒಂದೊಂದು ಸೆಂಟಿಮೀಟರಿನ ಗೆರೆಯೂ 3.1416 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮರಕ್ಕೆ ಸುತ್ತಿದರೆ ನೇರ ವ್ಯಾಸವೇ ಸಿಗುತ್ತದೆ, ಭಾಗಿಸುವ ಕೆಲಸವಿಲ್ಲ. ತುದಿಯಲ್ಲೊಂದು ಚೂಪಾದ ಕೊಕ್ಕೆ ಇದೆ. ಮತ್ತಿಯ ತೊಗಟೆ ಮೊಸಳೆ ಚರ್ಮದ ಹಾಗೆ ಬಿರಿದಿರುತ್ತದಲ್ಲ, ಅಲ್ಲಿ ಕೊಕ್ಕೆ ಗಟ್ಟಿಯಾಗಿ ಕೂರುತ್ತದೆ. ಒಬ್ಬರೇ ಮರ ಸುತ್ತಿ ಬರಬಹುದು. ನಂದಿ ಮರದಲ್ಲಿ ಮಾತ್ರ ಕಷ್ಟ. ಬೆಳ್ಳಗೆ ನುಣುಪಾದ ತೊಗಟೆ, ಕೊಕ್ಕೆ ಜಾರುತ್ತದೆ, ಇಲ್ಲವೇ ಸಿಪ್ಪೆಯ ಜೊತೆ ಕಿತ್ತು ಬರುತ್ತದೆ. ಅಲ್ಲಿ ಇನ್ನೊಬ್ಬರು ಹಿಡಿದುಕೊಳ್ಳಲೇಬೇಕು. ಹೊನ್ನೆಗೆ ಕೊಕ್ಕೆ ಜೋರಾಗಿ ಚುಚ್ಚಬೇಡಿ, ಕೆಂಪು ರಸ ಒಸರುತ್ತದೆ. ಅದು ಟೇಪಿಗೆ ಅಂಟಿ ಒಣಗಿದರೆ ಅಂಕಿಗಳು ಮುಚ್ಚಿಹೋಗುತ್ತವೆ.

ಬಿಸಿಲಿಗೆ ಉಕ್ಕು ಹಿಗ್ಗುವುದಿಲ್ಲವಾ ಅಂತ ಕೇಳಬಹುದು. ಹಿಗ್ಗುತ್ತದೆ. 20 ಡಿಗ್ರಿ ಏರಿದರೆ ಮೀಟರಿಗೆ ಕಾಲು ಮಿಲಿಮೀಟರ್ ಕೂಡ ಇಲ್ಲ.

ಕೊರತೆ ಇಲ್ಲ ಅಂತಲ್ಲ. ಅಂಚು ಬ್ಲೇಡಿನ ಹಾಗಿದೆ, ಬೇಗ ಸುತ್ತಿಕೊಳ್ಳಲು ಬಿಟ್ಟರೆ ಬೆರಳು ಕೊಯ್ಯುತ್ತದೆ. ನನಗೆ ಎರಡು ಸಲ ಆಯಿತು. ಒಮ್ಮೆ ಮಡಚಿಕೊಂಡರೆ ಆ ಗೆರೆ ಹೋಗುವುದೇ ಇಲ್ಲ. ನೀರು ಅಂದರೆ ಆಗುವುದಿಲ್ಲ. ಜೂನಿನಲ್ಲಿ ಒಂದು ಮಧ್ಯಾಹ್ನದ ಮಳೆಗೆ ಸಿಕ್ಕಿ, ಒದ್ದೆಯಲ್ಲೇ ಸುತ್ತಿ ಚೀಲಕ್ಕೆ ಹಾಕಿದ್ದೆ. ಬೆಳಿಗ್ಗೆ ಕಂದು ಚುಕ್ಕೆಗಳು. ಈಗ ಪ್ರತಿ ಸಂಜೆ ಪೂರ್ತಿ ಎಳೆದು, ಹಳೆ ಪಂಚೆ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಸವರುತ್ತೇನೆ. ಉದ್ದ ಬರೀ 5 ಮೀಟರು, ಪ್ಲಾಟಿನ, ಅಂದರೆ ಅಳತೆಗೆ ಗುರುತು ಮಾಡಿದ ಕಾಡಿನ ತುಂಡಿನ, ಗಡಿ ಹಾಕಲು ಸಾಲುವುದಿಲ್ಲ. ಆ ಕೆಲಸಕ್ಕೆ ಹಳದಿ ಟೇಪೇ ಇದೆ. ಅಲ್ಲಿ ಅದು ಒಳ್ಳೆಯ ಟೇಪು, ಹಗುರ, ಮುಳ್ಳುಪೊದೆಯಲ್ಲಿ ಎಳೆದರೂ ಬೇಜಾರಿಲ್ಲ.

ತರಿಸುವುದು ಸ್ವಲ್ಪ ತಾಪತ್ರಯ. ಎಸ್‌ಪಿ ರೋಡಿನಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ವ್ಯಾಸದ ಟೇಪು ಇರಲಿಲ್ಲ. ಆನ್‌ಲೈನಿನಲ್ಲಿ ಹೇಳಿ ಹನ್ನೆರಡು ದಿನ ಕಾದೆ. ಬಂದ ಡಬ್ಬಿಯ ಒಂದು ಮೂಲೆ ಜಜ್ಜಿತ್ತು, ಟೇಪಿಗೆ ಏನೂ ಆಗಿರಲಿಲ್ಲ. ಗೈಡ್ ಹತ್ತಿರ ಬಿಲ್ ಹಿಡಿದು ಹೋದಾಗ ಅವರು ಒಂದು ಮಾತೂ ಆಡದೆ ಸಹಿ ಹಾಕಿದರು. ನಾನು ಕೇಳಲು ಅಳುಕಿದ್ದೇ ಸುಮ್ನೆ. ಐಐಎಸ್‌ಸಿಯವರು ಮುದುಮಲೈಯಲ್ಲಿ 50 ಹೆಕ್ಟೇರ್ ಪ್ಲಾಟು ಮಾಡಿ 1988ರಿಂದ ಅವೇ ಮರಗಳನ್ನು ನಾಲ್ಕು ವರ್ಷಕ್ಕೊಮ್ಮೆ ಅಳೆಯುತ್ತಿದ್ದಾರೆ. ಅಷ್ಟು ವರ್ಷದ ಅಂಕಿಗಳು ಒಂದಕ್ಕೊಂದು ಕೂಡಬೇಕು ಅಂದರೆ ಎಷ್ಟು ಜೋಪಾನ ಬೇಕು ಅಂತ ಈಗ ನನಗೆ ಅರ್ಥವಾಗುತ್ತದೆ.

ಹಳೆಯ ಅಂಕಿಗಳನ್ನು ಸರಿಮಾಡಬಹುದಿತ್ತಲ್ಲ, ಎಲ್ಲಕ್ಕೂ ಅಷ್ಟಷ್ಟು ಸೇರಿಸಿದರೆ ಆಯಿತಲ್ಲ ಅಂತ ಕೆಲವರು ಕೇಳಿದರು. ಟೇಪು ಯಾವ ದಿನ ಎಷ್ಟು ಹಿಗ್ಗಿತ್ತು ಅಂತ ಗೊತ್ತಿದ್ದರೆ ಸೇರಿಸಬಹುದಿತ್ತು. ಅದು ಒಂದೇ ದಿನ ಹಿಗ್ಗಿದ್ದಲ್ಲ. ಹಾಗಾಗಿ ಮಾರ್ಚಿನ ಪಟ್ಟಿಗೆ ಅಡ್ಡಗೆರೆ ಎಳೆದು, ಮೇ ತಿಂಗಳಿನಲ್ಲಿ ಮಾವನ ಜೊತೆ ಮತ್ತೆ ಬೆಟ್ಟ ಹತ್ತಿದೆ. ಮೊದಲ ಮತ್ತಿಗೆ ಸ್ಟೀಲ್ ಟೇಪು ಸುತ್ತಿ ಸೆಂಟಿಮೀಟರ್ ಮುಖ ತಿರುಗಿಸಿ ಓದಿದೆ. 120.3. ಮಾವ ಏನೂ ಹೇಳಲಿಲ್ಲ, ಮರದ ಮೇಲೊಮ್ಮೆ ಕೈ ಸವರಿ ಮುಂದಿನ ಮರದ ಕಡೆ ಹೊರಟರು.

ಈಗ ಊರಿಗೆ ಹೊರಡುವ ಮುಂಚೆ, ಬಂದ ಮೇಲೆ, ಎರಡು ಸಲವೂ ತಾರಸಿಗೆ ಹೋಗಿ ಡ್ರಮ್ಮಿಗೆ ಟೇಪು ಸುತ್ತಿ ಬರೆದಿಟ್ಟುಕೊಳ್ಳುತ್ತೇನೆ. ಇವತ್ತಿಗೂ 181.0 ಇದೆ. ಬೆಂಗಳೂರಿನಲ್ಲಿದ್ದು ಇಂಥದ್ದೇ ಕೆಲಸ ಮಾಡುವವರು ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಬೇಕು ಅಂದರೆ ಹೇಳಿ, ಭಾನುವಾರ ಮನೆಯಲ್ಲಿರುತ್ತೇನೆ. ನಿಮ್ಮ ಟೇಪೂ ತನ್ನಿ, ಡ್ರಮ್ಮಿಗೆ ಸುತ್ತಿ ನೋಡೋಣ.