ಮಕ್ಕಳ ಹೆಸರಲ್ಲಿ ಹೋಟೆಲ್‌ನೋರು ಮಾಡೋ ಸಹಾಯ: ಯಾವುದಕ್ಕೆ ಎಷ್ಟು ಸ್ಟಾರ್

ಊಟದ ರುಚಿಗೆ ಸ್ಟಾರ್ ಕೊಡ್ತೀವಿ, ಸರ್ವೀಸ್‌ಗೆ ಕೊಡ್ತೀವಿ, ಪಾರ್ಕಿಂಗ್‌ಗೆ ಬಾತ್‌ರೂಮ್‌ಗೂ ಕೊಡ್ತೀವಿ, ಆದ್ರೆ ಕೌಂಟರ್ ಪಕ್ಕ "ಮಕ್ಕಳಿಗಾಗಿ" ಅಂತ ಒಂದು ಬೋರ್ಡೋ ಡಬ್ಬಿನೋ ಇಟ್ಟಿರ್ತಾರಲ್ಲ, ಅದಕ್ಕೆ ಮಾತ್ರ ಯಾರೂ ಮಾರ್ಕ್ಸ್ ಹಾಕಲ್ಲ. ಒಳ್ಳೆ ಕೆಲಸ ಮಾಡ್ತಿದಾರೆ ಬಿಡು, ಅದನ್ನೇನು ಅಳೆಯೋದು ಅಂತ ಸುಮ್ನಾಗ್ತೀವಿ. ನನಗೆ ಅದು ಸರಿ ಅನ್ಸಲ್ಲ. ಒಳ್ಳೆ ಕೆಲಸದಲ್ಲೂ ನೆಟ್ಟಗೆ ಮಾಡಿದ್ದು, ಕಾಟಾಚಾರಕ್ಕೆ ಮಾಡಿದ್ದು ಅಂತ ಎರಡು ಇದ್ದೇ ಇರತ್ತೆ. ಹಾಗಾಗಿ ಬೇರೆ ಬೇರೆ ದೇಶದಲ್ಲಿ ಹೆಸರು ಮಾಡಿರೋ ಕೆಲವು ಸ್ಕೀಮ್‌ಗಳನ್ನ ತಗೊಂಡು ರಿವ್ಯೂ ಬರೀತಿದೀನಿ. ಎಲ್ಲಾ ಕಡೆ ಹೋಗಿ ತಿಂದು ಬಂದೋನಲ್ಲ ನಾನು, ಓದಿ ತಿಳ್ಕೊಂಡು ಬರೀತಿರೋದು, ಅದನ್ನ ಮೊದಲೇ ಹೇಳ್ಬಿಡ್ತೀನಿ.

ನಾನು ನೋಡೋದು ಎರಡೇ. ದುಡ್ಡು ನಿಜವಾಗ್ಲೂ ಯಾರ ಜೇಬಿಂದ ಹೋಗ್ತಿದೆ ಅನ್ನೋದು ಒಂದು. ಆ ಸಹಾಯ ಸಿಗೋಕೆ ಮಗು ಏನು ಮಾಡ್ಬೇಕು ಅನ್ನೋದು ಇನ್ನೊಂದು, ಅಂದ್ರೆ ಕಾರ್ಡ್ ತೋರಿಸ್ಬೇಕಾ, ಫೋಟೋಗೆ ನಿಲ್ಬೇಕಾ, ನಾನು ಬಡವ ಅಂತ ಬಾಯ್ಬಿಟ್ಟು ಹೇಳ್ಬೇಕಾ. ನನಗೆ ಎರಡನೇದೇ ಮುಖ್ಯ. ದುಡ್ಡಿನ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಸಹಿಸ್ಕೋಬಹುದು, ಎಂಟು ವರ್ಷದ ಮಗು ಎಲ್ಲರ ಮುಂದೆ ಕೈ ಚಾಚೋ ಹಾಗೆ ಮಾಡಿದ್ರೆ ಆ ಊಟ ಗಂಟಲಲ್ಲಿ ಇಳಿಯಲ್ಲ.

ಎಲ್ಲರಿಗೂ ಗೊತ್ತಿರೋದ್ರಿಂದ ಶುರು ಮಾಡೋಣ, ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೌಸ್, ಅಂದ್ರೆ ಆಸ್ಪತ್ರೆ ಸೇರಿರೋ ಮಕ್ಕಳ ಅಪ್ಪ ಅಮ್ಮ ಉಳ್ಕೊಳ್ಳೋ ಮನೆ. ಇದರ ಹಿಂದಿನ ಕಥೆ ಚೆನ್ನಾಗಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಈಗಲ್ಸ್ ಫುಟ್‌ಬಾಲ್ ಟೀಮಿನ ಆಟಗಾರ ಫ್ರೆಡ್ ಹಿಲ್ ಅಂತ ಇದ್ರು, ಅವರ ಪುಟ್ಟ ಮಗಳು ಕಿಮ್‌ಗೆ ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್. ಅಪ್ಪ ಅಮ್ಮ ಇಬ್ರೂ ಆಸ್ಪತ್ರೆ ಕುರ್ಚಿ ಮೇಲೇ ನಿದ್ದೆ ಮಾಡ್ತಿದ್ರು, ವೆಂಡಿಂಗ್ ಮಷೀನಲ್ಲಿ ಸಿಕ್ಕಿದ್ದು ತಿಂತಿದ್ರು, ಸುತ್ತ ನೋಡಿದ್ರೆ ದೂರದಿಂದ ಬಂದ ಎಷ್ಟೋ ಪೇರೆಂಟ್ಸ್ ಪಾಡು ಹಾಗೇ ಇತ್ತು. ಅದೇ ಟೈಮಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಯ ಕ್ಯಾನ್ಸರ್ ಡಾಕ್ಟರ್ ಆಡ್ರಿ ಇವಾನ್ಸ್ ಅವರಿಗೆ ಆಸ್ಪತ್ರೆ ಪಕ್ಕದಲ್ಲೇ ಇಂಥ ಕುಟುಂಬಗಳಿಗೆ ಒಂದು ಮನೆ ಬೇಕು ಅಂತ ಆಸೆ. ಟೀಮಿನ ಜನರಲ್ ಮ್ಯಾನೇಜರ್ ಜಿಮ್ ಮರ್ರಿ ಹೋಗಿ ಆ ಏರಿಯಾದ ಮ್ಯಾಕ್‌ಡೊನಾಲ್ಡ್ಸ್‌ನವರನ್ನ ಕೇಳಿದ್ರು. ಅವರು ಸೇಂಟ್ ಪ್ಯಾಟ್ರಿಕ್ಸ್ ಹಬ್ಬಕ್ಕೆ ಮಾರೋ ಹಸಿರು ಬಣ್ಣದ ಶ್ಯಾಮ್‌ರಾಕ್ ಶೇಕ್‌ನ ದುಡ್ಡು ಕೊಡ್ತೀವಿ ಅಂದ್ರು. 1974ರ ಅಕ್ಟೋಬರ್‌ನಲ್ಲಿ ಮೊದಲ ಮನೆ ಓಪನ್ ಆಯ್ತು, ಈಗ 60ಕ್ಕೂ ಹೆಚ್ಚು ದೇಶಗಳಲ್ಲಿ ಈ ಸಂಸ್ಥೆ ಕೆಲಸ ಮಾಡ್ತಿದೆ.

ಇಲ್ಲಿ ನನಗೆ ಇಷ್ಟ ಆಗಿದ್ದು ಏನಂದ್ರೆ ಮಗುಗೆ ಬೊಂಬೆ ಬಲೂನು ಕೊಟ್ಟು ಫೋಟೋ ತೆಗೆಸ್ಕೊಂಡು ಹೋಗೋದಲ್ಲ ಇದು, ಮಗು ಪಕ್ಕ ಅಮ್ಮ ಇರೋ ಹಾಗೆ ಮಾಡೋದು. ಒಂದು ಹಾಸಿಗೆ, ಒಂದು ಅಡುಗೆಮನೆ, ಬಟ್ಟೆ ಒಗೆಯೋಕೆ ಜಾಗ. ಕೊಡೋ ಶಕ್ತಿ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸಲ್ಲ ಅನ್ನೋದು ಅವರ ರೂಲು. ಒಂದು ಸ್ಟಾರ್ ಕಟ್ ಮಾಡೋದು ಯಾಕಂದ್ರೆ ಹೆಸರು ಪೂರ್ತಿ ಕಂಪನಿದು, ದುಡ್ಡು ಮಾತ್ರ ಪೂರ್ತಿ ಕಂಪನಿದಲ್ಲ. ಸಂಸ್ಥೆ ಬೇರೆ, ಕಂಪನಿ ಬೇರೆ. ಬೇರೆ ದಾನಿಗಳು, ಬೇರೆ ಕಂಪನಿಗಳು, ಕೌಂಟರ್ ಡಬ್ಬಿಗೆ ಚಿಲ್ಲರೆ ಹಾಕೋ ಜನ ಎಲ್ಲಾ ಸೇರಿ ನಡೆಸ್ತಿರೋದು ಇದು. ಬೋರ್ಡ್ ಮೇಲೆ ಮಾತ್ರ ಬರ್ಗರ್ ಕಂಪನಿಯ ಜೋಕರ್ ಹೆಸರು. ನಾಲ್ಕು ಸ್ಟಾರ್.

ಡಬ್ಬಿ ವಿಷಯ ಬಂತು ಅಂತ ಇದೂ ಹೇಳ್ಬಿಡ್ತೀನಿ. ಬಿಲ್ ರೌಂಡ್ ಅಪ್ ಮಾಡ್ಲಾ, ಮಕ್ಕಳಿಗೆ ಹೋಗತ್ತೆ ಅಂತ ಕೇಳ್ತಾರಲ್ಲ, ಅದರ ಬಗ್ಗೆ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಾ ಇರತ್ತೆ, ಕಂಪನಿಯೋರು ನಿಮ್ಮ ದುಡ್ಡು ತೋರಿಸಿ ತಾವು ಟ್ಯಾಕ್ಸ್ ಉಳಿಸ್ಕೊತಾರೆ ಅಂತ. ಅಮೆರಿಕದ ಮಟ್ಟಿಗೆ ಅದು ಸುಳ್ಳು, ಗಿರಾಕಿ ಕೊಟ್ಟಿದ್ದು ಗಿರಾಕಿಯ ದಾನನೇ, ಅಂಗಡಿಯೋರು ಅದನ್ನ ತಮ್ಮ ದಾನ ಅಂತ ಟ್ಯಾಕ್ಸ್ ಲೆಕ್ಕದಲ್ಲಿ ತೋರಿಸೋ ಹಾಗಿಲ್ಲ. ಆದ್ರೆ ವರ್ಷದ ಕೊನೆಗೆ ದೊಡ್ಡ ಚೆಕ್ ಹಿಡ್ಕೊಂಡು ಫೋಟೋದಲ್ಲಿ ನಿಲ್ಲೋದು ನಾನೂ ಅಲ್ಲ ನೀವೂ ಅಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಬರೀ ರೌಂಡ್ ಅಪ್ ಮಾಡಿಸ್ಕೊಂಡು ತಾನು ಕೈಯಿಂದ ಒಂದು ಪೈಸೆ ಹಾಕದೇ ಇರೋ ಯಾವ ಹೋಟೆಲ್‌ಗೇ ಆಗ್ಲಿ ಎರಡು ಸ್ಟಾರ್‌ಗಿಂತ ಜಾಸ್ತಿ ನನ್ನಿಂದ ಆಗಲ್ಲ. "ಲಾಭದ ಒಂದು ಭಾಗ ಮಕ್ಕಳಿಗೆ" ಅಂತ ಬರ್ದು ಆ ಭಾಗ ಎಷ್ಟು ಅಂತ ಬರೀದೇ ಇರೋರಿಗೆ ಅದೂ ಇಲ್ಲ, ಅದು ಮೂಗಿಗೆ ತುಪ್ಪ ಸವರೋ ಕೆಲಸ.

ಈ ವಿಷಯದಲ್ಲಿ ಕೆನಡಾದ ಕಾಫಿ ಅಂಗಡಿ ಚೈನ್ ಟಿಮ್ ಹಾರ್ಟನ್ಸ್‌ನವರ ಸ್ಮೈಲ್ ಕುಕಿ ಕ್ಲಿಯರ್ ಆಗಿದೆ. 1996ರಲ್ಲಿ ಒಂಟಾರಿಯೋದ ಹ್ಯಾಮಿಲ್ಟನ್ ಊರಿನ ಮಕ್ಕಳ ಆಸ್ಪತ್ರೆಗೆ ದುಡ್ಡು ಸೇರಿಸೋಕೆ ಶುರು ಆಗಿದ್ದು, ಒಂದು ಬಿಸ್ಕತ್ತು, ಅದರ ಮೇಲೆ ಐಸಿಂಗಲ್ಲಿ ಬರೆದ ನಗು ಮುಖ, ಅಷ್ಟೇ. ಮಾರಿದ್ದರ ಪೂರ್ತಿ ದುಡ್ಡು ಲೋಕಲ್ ಸಂಸ್ಥೆಗಳಿಗೆ ಹೋಗತ್ತೆ, ಯಾವ ಸಂಸ್ಥೆಗೆ ಅಂತ ಆಯಾ ಊರಿನ ಅಂಗಡಿ ಮಾಲೀಕರು ಆರಿಸ್ತಾರೆ. ಪೂರ್ತಿ ಅಂದ್ರೆ ಪೂರ್ತಿ, ಭಾಗಗೀಗ ಇಲ್ಲ. ನಾಲ್ಕು ಸ್ಟಾರ್, ಜಾಸ್ತಿ ಹೇಳೋಕೇನಿಲ್ಲ.

ಪಿಜ್ಜಾ ಹಟ್‌ನವರ ಬುಕ್ ಇಟ್ ಬಗ್ಗೆ ಮಾತ್ರ ನನಗೆ ಇನ್ನೂ ಒಂದು ನಿರ್ಧಾರಕ್ಕೆ ಬರೋಕೆ ಆಗಿಲ್ಲ. 1980ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಶುರು ಆಗಿದ್ದು, ಟೀಚರ್ ಪ್ರತಿ ತಿಂಗಳು ಮಗುಗೆ ಇಷ್ಟು ಓದ್ಬೇಕು ಅಂತ ಒಂದು ಗುರಿ ಹಾಕ್ತಾರೆ, ಮುಗಿಸಿದ್ರೆ ಒಂದು ಸರ್ಟಿಫಿಕೇಟ್, ಅದನ್ನ ತಗೊಂಡು ಹೋಟೆಲ್‌ಗೆ ಹೋದ್ರೆ ಒಂದು ಪುಟ್ಟ ಪಿಜ್ಜಾ ಫ್ರೀ. ಹಂಚ್ಕೊಳ್ಳೋ ತುಂಡಲ್ಲ, ಪೂರ್ತಿ ಒಂದು, ತನ್ನದೇ ತಟ್ಟೆ. ಅಲ್ಲಿ ಈಗ ನಲವತ್ತು ದಾಟಿದ ಎಷ್ಟೋ ಜನ ಅದನ್ನ ಇವತ್ತಿಗೂ ಜ್ಞಾಪಿಸ್ಕೊತಾರೆ, ಯಾಕಂದ್ರೆ ಅಪ್ಪ ಅಮ್ಮ ಕೊಡಿಸಿದ್ದಲ್ಲ, ತಾನು ದುಡಿದಿದ್ದು ಅನ್ನೋ ಜಂಬ. ಇನ್ನೊಂದು ಅಂದ್ರೆ ಕ್ಲಾಸಲ್ಲಿ ಎಲ್ರಿಗೂ ಇದು ಇರತ್ತೆ, ಹಾಗಾಗಿ ಮನೇಲಿ ಹೋಟೆಲ್ ಊಟಕ್ಕೆ ದುಡ್ಡಿಲ್ಲದ ಮಗುನೂ ಬೇರೆಯವರ ಥರನೇ ಸರ್ಟಿಫಿಕೇಟ್ ಹಿಡ್ಕೊಂಡು ಒಳಗೆ ಹೋಗಬಹುದು, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ನನ್ನ ಎರಡನೇ ಪ್ರಶ್ನೆಗೆ ಇದು ಚೆನ್ನಾಗೇ ಉತ್ತರ ಕೊಡತ್ತೆ.

ತಕರಾರು ಇರೋದು ಬೇರೆ ಕಡೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಸೈಕಾಲಜಿಸ್ಟ್‌ಗಳು ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಚಿತ್ರ ಬರೆಯೋದು ತಾವಾಗೇ ಇಷ್ಟಪಡ್ತಿದ್ದ ಮಕ್ಕಳಿಗೆ, ಬರೆದ್ರೆ ಬಹುಮಾನದ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿ ಬರೆಸಿದ್ರು. ಸ್ವಲ್ಪ ದಿನ ಆದ್ಮೇಲೆ ನೋಡಿದ್ರೆ ಆ ಮಕ್ಕಳು ತಾವಾಗೇ ಪೆನ್ ಎತ್ಕೊಳ್ಳೋದು ಕಮ್ಮಿ ಆಗಿತ್ತು, ಬಹುಮಾನದ ಮಾತೇ ಇಲ್ದೇ ಬರೆದೋರಿಗೂ, ಬರೆದಾದ್ಮೇಲೆ ಸರ್‌ಪ್ರೈಸ್ ಆಗಿ ಬಹುಮಾನ ಸಿಕ್ಕೋರಿಗೂ ಹಂಗಾಗಿರ್ಲಿಲ್ಲ. ಪಿಜ್ಜಾಗೋಸ್ಕರ ಓದಿದ ಮಗು ಪಿಜ್ಜಾ ನಿಂತ ಮೇಲೆ ಪುಸ್ತಕ ಮುಟ್ಟತ್ತಾ ಅನ್ನೋ ಅನುಮಾನ ಇದಕ್ಕೇ ಬರೋದು. ಓದೋ ಅಭ್ಯಾಸನೇ ಇಲ್ಲದ ಮಗುಗೆ ಒಂದು ನೆಪ ಬೇಕಾಗತ್ತೆ ಅನ್ನೋದೂ ನಿಜ, ಆ ಪ್ರಯೋಗದಲ್ಲಿ ಇದ್ದಿದ್ದು ಮೊದಲೇ ಆಸಕ್ತಿ ಇದ್ದ ಮಕ್ಕಳು. ಮತ್ತೆ ಮಗು ಒಂದೇ ಹೋಟೆಲ್‌ಗೆ ಬರಲ್ಲ, ಜೊತೆಗೆ ಅಪ್ಪ ಅಮ್ಮ ತಂಗಿ ಎಲ್ಲಾ ಬಂದು ದುಡ್ಡು ಕೊಟ್ಟು ತಿಂತಾರೆ, ವ್ಯಾಪಾರದವರಿಗೆ ಆ ಲೆಕ್ಕ ಗೊತ್ತಿಲ್ದೇ ಇರತ್ತಾ. ಮೂರು ಸ್ಟಾರ್, ಇನ್ನೊಂದು ದಿನ ಕೇಳಿದ್ರೆ ಮೂರೂವರೆ ಅಂದ್ರೂ ಅಂದೆ.

ಚೈನ್ ಕಂಪನಿಗಳ ಮಾತು ಸಾಕು. ಸಣ್ಣ ಸಣ್ಣ ಹೋಟೆಲ್‌ನೋರು ಏನು ಮಾಡಬಹುದು ಅನ್ನೋದಕ್ಕೆ ಇಂಗ್ಲೆಂಡಲ್ಲಿ 2020ರ ಅಕ್ಟೋಬರ್ ಕೊನೆ ವಾರ ಆಗಿದ್ದನ್ನ ನೋಡ್ಬೇಕು. ಸ್ಕೂಲ್ ರಜೆಯಲ್ಲೂ ಬಡ ಮಕ್ಕಳಿಗೆ ಊಟದ ವ್ಯವಸ್ಥೆ ಮುಂದುವರಿಸಿ ಅಂತ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ ಕ್ಯಾಂಪೇನ್ ಮಾಡ್ತಿದ್ರು, ಅವರೇ ಚಿಕ್ಕವರಿದ್ದಾಗ ಸ್ಕೂಲ್ ಊಟ ನೆಚ್ಕೊಂಡು ಬೆಳೆದೋರು. ಅಕ್ಟೋಬರ್ 21ಕ್ಕೆ ಪಾರ್ಲಿಮೆಂಟಲ್ಲಿ ಆ ಪ್ರಸ್ತಾಪ 261ಕ್ಕೆ 322 ಓಟಿಂದ ಬಿದ್ಹೋಯ್ತು. ಅದಾದ ಕೂಡ್ಲೇ ಒಂದು ಊರಿನ ಕೆಫೆ, ಇನ್ನೊಂದು ಊರಿನ ಮೀನು ಚಿಪ್ಸ್ ಅಂಗಡಿ, ಮತ್ತೊಂದು ಕಡೆ ಪಬ್ಬು, ಹೀಗೆ ಒಬ್ಬರಾದ ಮೇಲೊಬ್ಬರು ರಜೆ ವಾರ ನಾವು ಮಕ್ಕಳಿಗೆ ಫ್ರೀ ಊಟ ಕೊಡ್ತೀವಿ, ಪ್ರಶ್ನೆ ಕೇಳಲ್ಲ ಬನ್ನಿ ಅಂತ ಪೋಸ್ಟ್ ಹಾಕೋಕೆ ಶುರು ಮಾಡಿದ್ರು, ರ‍್ಯಾಶ್‌ಫರ್ಡ್ ಅವನ್ನೆಲ್ಲ ಟ್ವಿಟರಲ್ಲಿ ಶೇರ್ ಮಾಡ್ತಾ ಹೋದ್ರು. ಕೋವಿಡ್ ಟೈಮು ಅದು, ಎಷ್ಟೋ ಹೋಟೆಲ್‌ಗಳಿಗೆ ಅರ್ಧ ಬಾಗಿಲು ಹಾಕ್ಕೊಂಡು ಕೂರೋ ಪರಿಸ್ಥಿತಿ, ತಮ್ಮ ಬಾಡಿಗೆಗೇ ದಾರಿ ಇಲ್ದೇ ಇದ್ದೋರು ಬೇರೆಯವರ ಮಕ್ಕಳಿಗೆ ಡಬ್ಬಿ ಕಟ್ಟಿದ್ರು. ನವೆಂಬರ್ ಎರಡನೇ ವಾರದ ಹೊತ್ತಿಗೆ ಸರ್ಕಾರನೇ ಮನಸ್ಸು ಬದಲಾಯಿಸಿ 170 ಮಿಲಿಯನ್ ಪೌಂಡಿನ ಚಳಿಗಾಲದ ಪ್ಯಾಕೇಜ್ ಘೋಷಿಸ್ತು. ಐದಕ್ಕೆ ಐದು. ನಡೆದಿದ್ದು ಒಂದು ವಾರ ಅಷ್ಟೇ ಅಲ್ವಾ ಅಂತ ಕೇಳ್ಬೇಡಿ, ವರ್ಷವಿಡೀ ಮಾಡೋದು ಸರ್ಕಾರದ ಕೆಲಸ, ಹೋಟೆಲ್‌ನೋರು ತಮ್ಮ ಪಾಲಿಂದು ಮಾಡಿದ್ರು.

ಜಪಾನಿನದು ಇನ್ನೊಂದು ದಾರಿ. ಅಲ್ಲಿ ಕೊದೊಮೊ ಶೊಕುದೊ ಅಂತ ಇದೆ, ಮಕ್ಕಳ ಊಟದ ಮನೆ ಅನ್ಬಹುದು. 2012ರಲ್ಲಿ ಟೋಕಿಯೋದ ಓಟಾ ಏರಿಯಾದಲ್ಲಿ ಹಿರೊಕೊ ಕೊಂಡೋ ಅನ್ನೋ ತರಕಾರಿ ಅಂಗಡಿಯಮ್ಮ ಶುರು ಮಾಡಿದ್ದು. ಹತ್ತಿರದ ಸ್ಕೂಲಿನವರು ಒಬ್ರು ಮಾತಾಡ್ತಾ ಒಂದು ಮಗು ವಿಷಯ ಹೇಳಿದ್ರಂತೆ, ತಾಯಿಗೆ ಹುಷಾರಿಲ್ಲ, ಸ್ಕೂಲ್ ಊಟ ಬಿಟ್ರೆ ಮನೇಲಿ ಒಂದು ಬಾಳೆಹಣ್ಣೇ ಗತಿ ಅಂತ. ಅದು ಕೊಂಡೋ ಅವರ ತಲೆಯಿಂದ ಹೋಗ್ಲೇ ಇಲ್ಲ. ಮಗು ಒಂದೇ ಬಂದು ಹೊಟ್ಟೆ ತುಂಬ ತಿಂದು ಹೋಗೋ ಜಾಗ ಮಾಡಿದ್ರು, ಬಡವರ ಮಕ್ಕಳಿಗೆ ಮಾತ್ರ ಅಂತ ಬೋರ್ಡ್ ಹಾಕ್ಲಿಲ್ಲ, ಯಾರು ಬೇಕಾದ್ರೂ ಬರಬಹುದು. ಈ ಒಂದು ತೀರ್ಮಾನನೇ ಎಲ್ಲಾ ಬದಲಾಯಿಸ್ಬಿಡತ್ತೆ, ಯಾಕಂದ್ರೆ ಅಲ್ಲಿ ಕೂತ ಮಗುನ ನೋಡಿ ಪಾಪ ಅಂತ ಯಾರೂ ಅನ್ನೋ ಹಾಗಿಲ್ಲ, ಪಕ್ಕದಲ್ಲಿ ಕೂತಿರೋ ಮಗು ಡಾಕ್ಟರ್ ಮಗನೂ ಆಗಿರಬಹುದು. 2024ರ ಲೆಕ್ಕದಲ್ಲಿ ಜಪಾನ್ ಪೂರ್ತಿ ಇಂಥ ಜಾಗಗಳು 10,000 ದಾಟಿವೆ, ಅಲ್ಲಿನ ಸರ್ಕಾರಿ ಜೂನಿಯರ್ ಹೈಸ್ಕೂಲ್‌ಗಳಿಗಿಂತ ಜಾಸ್ತಿ. ಅಷ್ಟು ಶ್ರೀಮಂತ ದೇಶದಲ್ಲಿ ಇಷ್ಟೊಂದು ಯಾಕೆ ಬೇಕಾಯ್ತು ಅನ್ನೋದು ಬೇರೆ ಪ್ರಶ್ನೆ, ಖುಷಿ ಪಡೋದೋ ಬೇಜಾರು ಮಾಡ್ಕೊಳ್ಳೋದೋ ಗೊತ್ತಾಗಲ್ಲ.

ಒಂದೇ ಒಂದು ಹೋಟೆಲ್ ಆರಿಸು ಅಂದ್ರೆ ನನ್ನ ಮೊದಲ ಆಯ್ಕೆ ಜಪಾನಿನದೇ ನಾರಾ ಜಿಲ್ಲೆ ಕಾಶಿಹಾರಾದ ಗೆಂಕಿ ಕರಿ. ಕರಿ ರೈಸ್ ಮಾರೋ ಸಣ್ಣ ಅಂಗಡಿ, ಗೋಡೆ ತುಂಬ ಚೀಟಿ. ಊಟಕ್ಕೆ ಬಂದ ದೊಡ್ಡವರು 200 ಯೆನ್ ಕೊಟ್ಟು ಒಂದು 'ಮಿರಾಯಿ ಟಿಕೆಟ್', ಅಂದ್ರೆ ಭವಿಷ್ಯದ ಚೀಟಿ, ತಗೊಂಡು ಗೋಡೆಗೆ ಅಂಟಿಸಿ ಹೋಗ್ತಾರೆ. ಯಾವುದೋ ಮಗು ಬರತ್ತೆ, ಗೋಡೆಯಿಂದ ಒಂದು ಚೀಟಿ ಕಿತ್ಕೊಂಡು ಕೊಡತ್ತೆ, ಒಂದು ತಟ್ಟೆ ಬರತ್ತೆ. ಅಷ್ಟೇ ವ್ಯವಹಾರ. ಕೊಟ್ಟೋರು ಯಾರು ಅಂತ ಮಗುಗೆ ಗೊತ್ತಿರ್ಬೇಕಾಗಿಲ್ಲ, ತಿಂದೋರು ಯಾರು ಅಂತ ಕೊಟ್ಟೋರಿಗೂ ಗೊತ್ತಾಗಲ್ಲ, ಥ್ಯಾಂಕ್ಸ್ ಹೇಳಿಸೋಕೆ ಕ್ಯಾಮೆರಾ ಮುಂದೆ ನಿಲ್ಲಿಸೋದಂತೂ ಬೇಕೇ ಇಲ್ಲ. ಸ್ವಲ್ಪ ಯೋಚಿಸಿ, ಆ ಮಗು ಕೈಯಲ್ಲಿ ಚೀಟಿ ಇದೆ, ಅಂದ್ರೆ ದುಡ್ಡು ಕೊಟ್ಟ ಗಿರಾಕಿ ಅದು, ಫ್ರೀ ಊಟಕ್ಕೆ ಬಂದಿದ್ದಲ್ಲ. ಮುಂಚೆ ದೊಡ್ಡ ಕಂಪನಿಗಳ ಬಗ್ಗೆ ಗಿರಾಕಿ ದುಡ್ಡಲ್ಲಿ ಹೆಸರು ತಗೊತಾರೆ ಅಂತ ಗೊಣಗಿದ್ನಲ್ಲ, ಇಲ್ಲೂ ದುಡ್ಡು ಗಿರಾಕಿದೇ, ಆದ್ರೆ ಎಷ್ಟು ಕೊಟ್ಟೆ, ಇನ್ನೂ ಎಷ್ಟು ಬಾಕಿ ಇದೆ ಅನ್ನೋ ಲೆಕ್ಕ ಎಲ್ಲರ ಕಣ್ಣೆದುರಿಗೆ ಗೋಡೆ ಮೇಲೇ ಇದೆ, ಆಡಿಟರ್ ಬೇಕಾಗಿಲ್ಲ.

ನಾಲ್ಕೂಮುಕ್ಕಾಲು. ಕಾಲು ಯಾಕೆ ಕಟ್ ಅಂದ್ರೆ ಇದೆಲ್ಲ ಒಬ್ಬ ಮಾಲೀಕರ ಮನಸ್ಸಿನ ಮೇಲೆ, ಅವರ ಬಾಡಿಗೆ, ಅಕ್ಕಿ ರೇಟಿನ ಮೇಲೆ ನಿಂತಿರತ್ತೆ, ಅಷ್ಟು ಕಮ್ಮಿ ಬೆಲೆಗೆ ಒಂದು ತಟ್ಟೆ ಕೊಡೋದ್ರಲ್ಲಿ ಅವರಿಗೆ ಉಳಿಯೋದು ಅಷ್ಟಕ್ಕಷ್ಟೇ. ನಿಮಗೆ ಗೊತ್ತಿರೋ ಹೋಟೆಲ್‌ನೋರು ಯಾರಾದ್ರೂ ಮಕ್ಕಳಿಗೆ ಏನಾದ್ರೂ ಮಾಡ್ಬೇಕು ಅಂತಿದ್ರೆ ಈ ಗೋಡೆ ಐಡಿಯಾ ಹೇಳಿ, ಚೀಟಿಗೂ ಅಂಟಿಗೂ ಆಗೋ ಖರ್ಚು ಎಷ್ಟು ಮಹಾ.